ಯೆಹೂದ್ಯರಿಗೂ ಯೇಸು ಬೇಕಾ? (ರೋಮಾ 9, 10, 11)

ಸತ್ಯವೇದ ತೆಗೆಯಿರಿ, ರೋಮಾಪುರದವರಿಗೆ ಬರೆದ ಪತ್ರಿಕೆ, 9ನೇ ಅಧ್ಯಾಯ. ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿಬಿಡಿ. ಇವತ್ತು ಮೂರು ಅಧ್ಯಾಯಗಳಲ್ಲಿ ಹಿಂದೆ ಮುಂದೆ ಓಡಾಡಬೇಕು.

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಂಗಿ ಬಂದು ಮಾತಾಡಿದಳು. ಅವಳ ಕಂಪನಿಗೆ ಟೆಲ್ ಅವೀವ್‌ನಲ್ಲೂ ಆಫೀಸ್ ಇದೆ. ಅಲ್ಲಿನ ಒಬ್ಬ ಯೆಹೂದ್ಯ ಮಹಿಳೆಯ ಜೊತೆ ದಿನಾ ಕಾಲ್‌ನಲ್ಲಿ ಕೆಲಸ. ಆಕೆ ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ಕೀರ್ತನೆಗಳನ್ನು ಇಬ್ರಿಯ ಭಾಷೆಯಲ್ಲೇ ಬಾಯಿಪಾಠ ಹೇಳುತ್ತಾರೆ. "ಬ್ರದರ್, ಅವರು ನನಗಿಂತ ಜಾಸ್ತಿ ಪ್ರಾರ್ಥನೆ ಮಾಡ್ತಾರೆ. ಅಬ್ರಹಾಮನ ದೇವರನ್ನೇ ಆರಾಧಿಸ್ತಾರೆ. ಅವರ ಅಜ್ಜಿಯ ಮನೆಯವರೆಲ್ಲ ಹಿಟ್ಲರ್ ಕಾಲದಲ್ಲಿ ಸತ್ತುಹೋದ್ರಂತೆ. ಅಂಥವರಿಗೆ ನಿಮಗೆ ಯೇಸು ಬೇಕು ಅಂತ ನಾನು ಹೇಳೋದಾ? ಹೇಳೋಕೆ ನಾನು ಯಾರು?" ಅಂತ ಕೇಳಿದಳು.

ಒಂದು ವಾರ ಟೈಮ್ ಕೊಡಮ್ಮ ಅಂದೆ. ಯಾಕೆ ಅಂದ್ರೆ, ನಿಜ ಹೇಳ್ತೀನಿ, ರೋಮಾ ಪತ್ರಿಕೆಯ ಮೇಲೆ ನಾನು ಎಷ್ಟೋ ಪ್ರಸಂಗ ಮಾಡಿದ್ದೀನಿ. 8ನೇ ಅಧ್ಯಾಯದ ಜಯದ ಮಾತು ಮುಗಿದ ಕೂಡಲೇ ನೇರವಾಗಿ 12ಕ್ಕೆ, ಸಜೀವ ಯಜ್ಞಕ್ಕೆ ಹಾರಿದ್ದೀನಿ. ಮಧ್ಯದ ಮೂರು ಅಧ್ಯಾಯ ಕಷ್ಟ ಅಂತ ಬಿಟ್ಟಿದ್ದೆ. ಅವಳ ಪ್ರಶ್ನೆ ಇರೋದು ಸರಿಯಾಗಿ ಆ ಮೂರರಲ್ಲೇ.

ಮೊದಲು, ಕ್ರೈಸ್ತರು ಇದಕ್ಕೆ ಏನೇನು ಉತ್ತರ ಕೊಟ್ಟಿದ್ದಾರೆ ನೋಡೋಣ. ಬಹಳ ಹಳೆಯ ಉತ್ತರ: ಯೆಹೂದ್ಯರು ಮೆಸ್ಸೀಯನನ್ನು ತಳ್ಳಿಬಿಟ್ಟರು, ಆದ್ದರಿಂದ ದೇವರು ಅವರನ್ನು ತಳ್ಳಿಬಿಟ್ಟನು, ಅವರ ಜಾಗಕ್ಕೆ ಸಭೆ ಬಂತು. ಇದರ ಬಗ್ಗೆ ಆಮೇಲೆ ಬರ್ತೀನಿ. ಇದಕ್ಕೆ ಎದುರಾದ ಉತ್ತರವನ್ನು "ಎರಡು ಒಡಂಬಡಿಕೆ" ಅಂತಾರೆ. ಅನ್ಯಜನರಿಗೆ ಯೇಸುವಿನ ದಾರಿ, ಯೆಹೂದ್ಯರಿಗೆ ಸೀನಾಯಿಯ ಒಡಂಬಡಿಕೆಯೇ ಸಾಕು. ಇದಕ್ಕೆ ಚೆನ್ನಾಗಿ ಮಾತು ಕೊಟ್ಟವನು ಒಬ್ಬ ಯೆಹೂದ್ಯನೇ, ಜರ್ಮನಿಯ ಫ್ರಾಂಜ್ ರೋಸೆನ್‌ಜ್ವೈಗ್. 1913ರಲ್ಲಿ ಆತ ಕ್ರೈಸ್ತನಾಗುವ ಅಂಚಿನವರೆಗೆ ಬಂದು, ಯೆಹೂದ್ಯನಾಗಿಯೇ ಉಳಿಯಲು ನಿಶ್ಚಯಿಸಿದ. ಅವನ ವಾದ ಏನಂದ್ರೆ, ಯೇಸುವಿನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರಲಾರರು, ಒಪ್ಪಿದೆ. ಆದರೆ ಈಗಾಗಲೇ ತಂದೆಯ ಬಳಿ ಇರುವವನು ಯಾಕೆ ಬರಬೇಕು?

ಕೇಳೋಕೆ ಚೆನ್ನಾಗಿದೆ ಅಲ್ವಾ? ನಾನೂ ಎರಡು ದಿನ ಅದರ ಜೊತೆ ಕೂತಿದ್ದೆ. ಆಮೇಲೆ ಯೋಹಾನ 14 ತೆಗೆದು, ಆ ಮಾತನ್ನು ಯೇಸು ಯಾರಿಗೆ ಹೇಳಿದನು ಅಂತ ನೋಡಿದೆ. ತೋಮನಿಗೆ! ಆ ರಾತ್ರಿ ಮೇಲಂತಸ್ತಿನ ಕೋಣೆಯಲ್ಲಿ ಒಬ್ಬ ಅನ್ಯಜನಾಂಗದವನೂ ಇರಲಿಲ್ಲ. ಪಾಸ್ಕಹಬ್ಬಕ್ಕೆ ಬಂದಿದ್ದ ಯೆಹೂದ್ಯರ ಮಧ್ಯೆಯೇ ಯೇಸು ತಾನೇ ಮಾರ್ಗ ಅಂದನು. ಅಪೊಸ್ತಲರ ಕೃತ್ಯಗಳು 4:12 ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ; ಬೇರೆ ಯಾವ ಹೆಸರಿನಲ್ಲೂ ರಕ್ಷಣೆ ಇಲ್ಲ ಅಂತ ಪೇತ್ರ ಹೇಳಿದ್ದು ರೋಮಿನ ವಿಗ್ರಹಾರಾಧಕರ ಮುಂದೆ ಅಲ್ಲ, ಯೆರೂಸಲೇಮಿನ ಹಿರೀಸಭೆಯ ಮುಂದೆ. ಪಂಚಾಶತ್ತಮ ದಿನದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ ಸುಮಾರು 3,000 ಮಂದಿ ಯಾರು? ಹಬ್ಬಕ್ಕೆ ಬಂದ ಯೆಹೂದ್ಯರು, ಯೆಹೂದ್ಯ ಮತಕ್ಕೆ ಸೇರಿದವರು. ನಾವು ಪೆಂತೆಕೊಸ್ತಿನವರು ಇದನ್ನಾದರೂ ಮರೆಯಬಾರದು. ನಮ್ಮ ಹೆಸರೇ ಅವರ ಹಬ್ಬದ್ದು.

ಇನ್ನೂ ಗಟ್ಟಿಯಾದ ವಾಕ್ಯ ಗಲಾತ್ಯ 2:15-16. ಅಲ್ಲಿ ಪೌಲನು ಪೇತ್ರನಿಗೆ ಹೇಳುವ ಮಾತಿನ ಸಾರ ಇದು: ನಾವಿಬ್ಬರೂ ಹುಟ್ಟಿನಿಂದ ಯೆಹೂದ್ಯರು, ಆದರೂ ನಾವೂ ಕ್ರಿಸ್ತನನ್ನು ನಂಬಿದೆವು, ಯಾಕಂದ್ರೆ ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ. ಆ "ನಾವೂ" ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಸೀನಾಯಿಯ ಒಡಂಬಡಿಕೆಯೇ ಸಾಕಾಗಿದ್ದರೆ ಗಮಲಿಯೇಲನ ಪಾದದ ಬಳಿ ಕಲಿತ ಈ ಫರಿಸಾಯನಿಗೆ ದಮಸ್ಕದ ದಾರಿಯಲ್ಲಿ ಬೀಳುವ ಅಗತ್ಯ ಏನಿತ್ತು?

ಕ್ರಿಸ್ಟರ್ ಸ್ಟೆಂಡಾಲ್ ಅಂತ ಒಬ್ಬ ಸ್ವೀಡಿಷ್ ಲೂಥರನ್ ಪಂಡಿತರು ಒಂದು ವಿಷಯ ಗಮನಿಸಿದರು. ರೋಮಾ 11ನೇ ಅಧ್ಯಾಯದಲ್ಲಿ, ಇಸ್ರಾಯೇಲೆಲ್ಲಾ ರಕ್ಷಣೆ ಹೊಂದುವುದು ಅನ್ನುವ ಕಡೆ, ಕ್ರಿಸ್ತನ ಹೆಸರೇ ಬರುವುದಿಲ್ಲ. ಎಣಿಸಿ ನೋಡಿದೆ, ನಿಜ. ಆದರೆ ಪತ್ರವನ್ನು ಪತ್ರದ ಹಾಗೆ ಓದಬೇಕು. ಒಂದು ಪುಟ ಹಿಂದೆ 10ನೇ ಅಧ್ಯಾಯದಲ್ಲಿ, ಯೇಸುವನ್ನು ಕರ್ತನೆಂದು ಅರಿಕೆ ಮಾಡಬೇಕು, ಇದರಲ್ಲಿ ಯೆಹೂದ್ಯ, ಗ್ರೀಕ ಅಂತ ವ್ಯತ್ಯಾಸ ಇಲ್ಲ ಅಂದವನೇ ಇದನ್ನೂ ಬರೆದದ್ದು. ಮುರಿದ ಕೊಂಬೆಗಳ ಬಗ್ಗೆ 11:23ರಲ್ಲಿ ಅವನು ಇಟ್ಟ ಷರತ್ತೂ ಒಂದೇ: ಅವರು ಅಪನಂಬಿಕೆಯಲ್ಲಿ ಉಳಿಯದಿದ್ದರೆ ದೇವರು ಅವರನ್ನು ತಿರುಗಿ ಕಸಿ ಕಟ್ಟುತ್ತಾನೆ.

ಕಥೋಲಿಕರು 1965ರ ವ್ಯಾಟಿಕನ್ ಮಹಾಸಭೆಯ ಪ್ರಕಟಣೆಯಲ್ಲಿ, ಯೇಸುವಿನ ಮರಣದ ದೋಷವನ್ನು ಆ ಕಾಲದ ಎಲ್ಲಾ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಅಂದರು. ಬಹಳ ತಡವಾಗಿ ಬಂದ ಒಳ್ಳೆಯ ಮಾತು. 2015ರಲ್ಲಿ ವ್ಯಾಟಿಕನ್ ಆಯೋಗದ ಇನ್ನೊಂದು ಪತ್ರ ಬಂತು: ರಕ್ಷಣೆಗೆ ಎರಡು ದಾರಿ ಇಲ್ಲ, ಆದರೆ ಯೆಹೂದ್ಯರಿಗೆಂದೇ ಸಭೆ ಒಂದು ಸಂಸ್ಥೆಯಾಗಿ ಮಿಷನ್ ನಡೆಸುವುದಿಲ್ಲ, ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದ ಅವರು ರಕ್ಷಣೆಯಲ್ಲಿ ಹೇಗೆ ಪಾಲುಗಾರರು ಅನ್ನುವುದು ದೇವರ ಮರ್ಮ. ಅವರ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಪೌಲನು 11:25ರಲ್ಲಿ "ಮರ್ಮ" ಅಂದದ್ದು ಬೇರೆಯದಕ್ಕೆ: ಇಸ್ರಾಯೇಲಿನ ಒಂದು ಪಾಲಿಗೆ ಬಂದ ಮೊಂಡತನ ಶಾಶ್ವತವಲ್ಲ, ಅನ್ಯಜನರ ಸಂಖ್ಯೆ ತುಂಬುವ ತನಕ ಮಾತ್ರ. ಆಮೇಲೆ ಹೇಗೆ, ಯಾವಾಗ ಅಂತ ಚಾರ್ಟ್ ಹಾಕಿ ತೋರಿಸುವವರು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಇದ್ದಾರೆ. ನಾನು ಹಾಕಲ್ಲ.

ನಮ್ಮ ಕಡೆಯ ತಪ್ಪು ಬೇರೆ ಥರದ್ದು. ಈಗ ಎಷ್ಟೋ ಪೆಂತೆಕೊಸ್ತ್ ಸಭೆಗಳಲ್ಲಿ ಶೋಫಾರ್ ಊದುತ್ತಾರೆ, ಇಸ್ರಾಯೇಲ್ ಧ್ವಜ ಹಿಡಿದು ಕುಣಿಯುತ್ತಾರೆ. ಯೆಹೂದ್ಯರನ್ನು ಆಶೀರ್ವದಿಸಿದರೆ ನಮಗೆ ಆಶೀರ್ವಾದ ಅಂತ ಬೋಧಿಸುತ್ತಾರೆ. ಆದರೆ ಅವರ ರಕ್ಷಣೆಗಾಗಿ ಒಂದು ಹನಿ ಕಣ್ಣೀರು ಇಲ್ಲ. ಅಮೆರಿಕದ ಪ್ರಸಿದ್ಧ ಬೋಧಕ ಜಾನ್ ಹೇಗಿ 2007ರ ಒಂದು ಪುಸ್ತಕದಲ್ಲಿ, ಯೇಸು ಯೆಹೂದ್ಯರಿಗೆ ಮೆಸ್ಸೀಯನಾಗಲು ಬರಲಿಲ್ಲ ಅನ್ನುವ ಅರ್ಥ ಬರುವಂತೆ ಬರೆದರು. ಟೀಕೆ ಬಂದ ಮೇಲೆ ತಾನು ಎರಡು ಒಡಂಬಡಿಕೆ ಬೋಧಿಸುವವನಲ್ಲ ಅಂತ ಸ್ಪಷ್ಟಪಡಿಸಿದರು. ದೇಶದ ರಾಜಕೀಯ, ಯುದ್ಧ ಎಲ್ಲಾ ಬೇರೆ ಚರ್ಚೆ. ನನ್ನ ಪ್ರಶ್ನೆ ಇಷ್ಟೇ: ಒಬ್ಬರ ಧ್ವಜವನ್ನು ಪ್ರೀತಿಸಿ, ಅವರಿಗೆ ಅವರದೇ ಮೆಸ್ಸೀಯನ ಹೆಸರು ಹೇಳದೆ ಇದ್ದರೆ ಅದು ಯಾವ ಪ್ರೀತಿ?

ಹಾಗಾದ್ರೆ ಹೋಗಿ ಹೇಳಿಬಿಡೋಣ್ವಾ? ಸ್ವಲ್ಪ ನಿಲ್ಲಿ. "ಹೇಳೋಕೆ ನಾನು ಯಾರು" ಅಂತ ಆ ತಂಗಿ ಕೇಳಿದಳಲ್ಲ, ಅದು ಪೌಲನು ನಮಗೆ ಕೇಳುವ ಪ್ರಶ್ನೆ. 11:18 ನೋಡಿ. ಕಾಡು ಎಣ್ಣೇಮರದ ಕೊಂಬೆ ನೀನು, ಊರು ಮರಕ್ಕೆ ಕಸಿ ಕಟ್ಟಿಸಿಕೊಂಡವನು. ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನು ಹೊತ್ತಿಲ್ಲ, ಆದ್ದರಿಂದ ಹೆಚ್ಚಳಪಡಬೇಡ ಅನ್ನುತ್ತಾನೆ. ಸಾಮಾನ್ಯವಾಗಿ ನಾವು ಕಸಿ ಮಾಡುವುದು ಒಳ್ಳೆಯ ಮಾವಿನ ಕೊಂಬೆಯನ್ನು ಕಾಡು ಬುಡಕ್ಕೆ. ಇಲ್ಲಿ ಉಲ್ಟಾ. ಕೆಲಸಕ್ಕೆ ಬಾರದ ಕೊಂಬೆಯನ್ನು ತಂದು ಒಳ್ಳೆಯ ಮರಕ್ಕೆ ಕಟ್ಟಿದ್ದಾನೆ. ಇದು ಸ್ವಭಾವಕ್ಕೆ ವಿರುದ್ಧ ಅಂತ ಪೌಲನೇ 24ನೇ ವಚನದಲ್ಲಿ ಒಪ್ಪುತ್ತಾನೆ.

ಸಭೆ ಈ ವಾಕ್ಯ ಕೇಳಲಿಲ್ಲ. "ಅವರ ಜಾಗಕ್ಕೆ ನಾವು" ಅನ್ನುವ ಆ ಹಳೆಯ ಉತ್ತರ ಏನು ಮಾಡಿತು ಗೊತ್ತಾ? 1096ರಲ್ಲಿ ಶಿಲುಬೆ ಹೊಲಿದುಕೊಂಡು ಯೆರೂಸಲೇಮಿಗೆ ಹೊರಟವರು ದಾರಿಯಲ್ಲಿ ವರ್ಮ್ಸ್, ಮೈನ್ಸ್ ಪಟ್ಟಣಗಳ ಯೆಹೂದ್ಯರನ್ನು ಕೊಂದರು; ಬದುಕಬೇಕಾದರೆ ದೀಕ್ಷಾಸ್ನಾನ ತಗೋ ಅಂದರು. 1492ರಲ್ಲಿ ಸ್ಪೇನ್ ಅವರನ್ನು ಹೊರಗಟ್ಟಿತು. ಯುರೋಪಿನ ಕಥೆ ನಮಗ್ಯಾಕೆ ಅನ್ನಬೇಡಿ, ನಮ್ಮ ಪಕ್ಕದ ಗೋವಾದಲ್ಲೇ 1560ರಲ್ಲಿ ಶುರುವಾದ ಇನ್‌ಕ್ವಿಸಿಶನ್ ಗುಟ್ಟಾಗಿ ಯೆಹೂದ್ಯ ಆಚಾರ ಉಳಿಸಿಕೊಂಡವರನ್ನೂ ಹುಡುಕಿ ಶಿಕ್ಷಿಸಿತು. ಎಲ್ಲಕ್ಕಿಂತ ನನಗೆ ನೋವಾಗುವುದು ಮಾರ್ಟಿನ್ ಲೂಥರನ ವಿಷಯ. ನಂಬಿಕೆಯಿಂದಲೇ ನೀತಿ ಅಂತ ನಮಗೆ ಮತ್ತೆ ಕಲಿಸಿದ ಮನುಷ್ಯ. 1523ರಲ್ಲಿ ಆತ, ಯೇಸು ಯೆಹೂದ್ಯನಾಗಿ ಹುಟ್ಟಿದವನು, ಅವರ ಜೊತೆ ಪ್ರೀತಿಯಿಂದ ನಡೆದುಕೊಳ್ಳಿ ಅಂತ ಬರೆದ. ಅವರು ನಂಬುತ್ತಾರೆ ಅಂತ ಕಾದ. ಅವರು ನಂಬಲಿಲ್ಲ. 1543ರಲ್ಲಿ ಅದೇ ಕೈ, ಅವರ ಸಭಾಮಂದಿರಗಳನ್ನು ಸುಡಿ, ಮನೆಗಳನ್ನು ಕೆಡವಿ ಅಂತ ಬರೆಯಿತು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಲ್ಲಿ ಸಭಾಮಂದಿರಗಳು ನಿಜವಾಗಿ ಉರಿದವು. ಆಮೇಲೆ ಸುಮಾರು 60 ಲಕ್ಷ ಜನ ಸತ್ತರು. ಅವರನ್ನು ಕೊಂದವರಲ್ಲಿ ಬಹಳ ಮಂದಿ ಮಗುವಾಗಿದ್ದಾಗ ದೀಕ್ಷಾಸ್ನಾನ ಪಡೆದವರು.

ಅದಕ್ಕೇ ಒಬ್ಬ ಯೆಹೂದ್ಯರ ಕಿವಿಗೆ "ಯೇಸುವನ್ನು ನಂಬಿ" ಅನ್ನುವುದು ನಮ್ಮ ಕಿವಿಗೆ ಕೇಳಿಸಿದ ಹಾಗೆ ಕೇಳಿಸುವುದಿಲ್ಲ. ಅವರ ಅಜ್ಜಿಯ ಮನೆ ಬಾಗಿಲು ಬಡಿದವರ ಸದ್ದು ಅದರಲ್ಲಿ ಸೇರಿಕೊಂಡಿರುತ್ತದೆ.

ಈಗ 9ನೇ ಅಧ್ಯಾಯದ ಆರಂಭಕ್ಕೆ ಬನ್ನಿ. ಪೌಲನು ವಾದವನ್ನು ವಾದದಿಂದ ಶುರು ಮಾಡುವುದಿಲ್ಲ. ನನ್ನ ಹೃದಯದಲ್ಲಿ ದೊಡ್ಡ ದುಃಖ, ಬಿಡದ ವೇದನೆ ಇದೆ ಅನ್ನುತ್ತಾನೆ. ನನ್ನ ಜನ ಉಳಿಯುವುದಾದರೆ ನಾನೇ ಕ್ರಿಸ್ತನಿಂದ ದೂರವಾಗಿ ಶಾಪಗ್ರಸ್ತನಾದರೂ ಆಗಲಿ ಅನ್ನುತ್ತಾನೆ. ಎರಡು ದಾರಿ ಇದ್ದಿದ್ದರೆ ಈ ಕಣ್ಣೀರು ಯಾಕೆ? ಅವರು ತಳ್ಳಲ್ಪಟ್ಟವರಾಗಿದ್ದರೆ 11:28ರಲ್ಲಿ ಅವರನ್ನು ಪ್ರಿಯರು ಅಂತ ಕರೆದದ್ದು ಯಾಕೆ? ಎರಡೂ ಉತ್ತರಗಳು ಈ ಕಣ್ಣೀರಿನ ಮುಂದೆ ನಿಲ್ಲುವುದಿಲ್ಲ.

ಈ ರೀತಿ ಬದುಕಿದವರು ಇದ್ದಾರೆ. ಹಾಲೆಂಡಿನ ಹಾರ್ಲೆಮ್ ಊರಲ್ಲಿ ಟೆನ್ ಬೂಮ್ ಅಂತ ಒಂದು ಗಡಿಯಾರ ರಿಪೇರಿ ಮಾಡುವ ಮನೆತನ. 1844ರಲ್ಲಿ ಆ ಮನೆಯ ಅಜ್ಜ ಯೆಹೂದ್ಯ ಜನರಿಗಾಗಿ ಪ್ರಾರ್ಥನಾಕೂಟ ಶುರು ಮಾಡಿದರು. ನೂರು ವರ್ಷ ಆದ ಮೇಲೆ, 1944ರ ಫೆಬ್ರವರಿಯಲ್ಲಿ, ಅದೇ ಮನೆಯಲ್ಲಿ ಯೆಹೂದ್ಯರನ್ನು ಬಚ್ಚಿಟ್ಟದ್ದಕ್ಕಾಗಿ ಅವರ ಮಗ ಕ್ಯಾಸ್ಪರ್, ಮೊಮ್ಮಕ್ಕಳಾದ ಕೋರಿ ಮತ್ತು ಬೆಟ್ಸಿ ಸೆರೆಯಾದರು. 84 ವರ್ಷದ ಕ್ಯಾಸ್ಪರ್ ಹತ್ತೇ ದಿನದಲ್ಲಿ ತೀರಿಕೊಂಡರು. ಬೆಟ್ಸಿ ಅದೇ ವರ್ಷ ರಾವೆನ್ಸ್‌ಬ್ರುಕ್ ಕ್ಯಾಂಪಿನಲ್ಲಿ. ಯೇಸುವೇ ಮೆಸ್ಸೀಯ ಅಂತ ಪೂರ್ತಿ ನಂಬಿದ ಜನ ಇವರು. ಆದರೆ ನಂಬಿದವರಿಗೆ ಮಾತ್ರ ಮನೆಯಲ್ಲಿ ಜಾಗ ಅನ್ನಲಿಲ್ಲ.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ. ಹೌದಮ್ಮ, ಅವರಿಗೂ ಯೇಸು ಬೇಕು. ನನಗೆ ಬೇಕಾದಷ್ಟೇ, ನಿನಗೆ ಬೇಕಾದಷ್ಟೇ. ಅವರ ಪ್ರಾರ್ಥನೆ ಸುಳ್ಳು ಅಂತ ನಾನು ಹೇಳಲ್ಲ. ದೇವರ ವಿಷಯದಲ್ಲಿ ಅವರಿಗೆ ಆಸಕ್ತಿ ಇದೆ ಅಂತ ಪೌಲನೇ 10:2ರಲ್ಲಿ ಸಾಕ್ಷಿ ಹೇಳಿದ್ದಾನೆ. ಅದೇ ಉಸಿರಲ್ಲಿ ಅವರ ರಕ್ಷಣೆಗಾಗಿ ಬೇಡುತ್ತಾನೆ. ಅವರ ಅಜ್ಜಿಯ ಮನೆಯವರ ಬಗ್ಗೆ ಕೇಳಿದರೆ ತೀರ್ಪು ಕೊಡೋಕೆ ಹೋಗಬೇಡ. ಸರ್ವಲೋಕದ ನ್ಯಾಯಾಧಿಪತಿ ನ್ಯಾಯವನ್ನೇ ಮಾಡುತ್ತಾನೆ ಅನ್ನುವ ಭರವಸೆಯಿಂದ ದೇವರ ಹತ್ತಿರ ಚೌಕಾಸಿ ಮಾಡಿದವನು ಅವರ ಪಿತೃ ಅಬ್ರಹಾಮನೇ. ನೀನೂ ಅವನ ಹಿಂದೆ ನಿಂತುಕೋ.

ಅವರಿಗೆ ಟ್ರ್ಯಾಕ್ಟ್ ಫಾರ್ವರ್ಡ್ ಮಾಡಬೇಡ. ಮೊದಲು ಕೇಳು. ಅಜ್ಜಿಯ ಕಥೆ ಪೂರ್ತಿ ಕೇಳು. ನಮ್ಮವರು ಮಾಡಿದ್ದಕ್ಕೆ ಕ್ಷಮೆ ಕೇಳಬೇಕು ಅನ್ನಿಸಿದರೆ ಕೇಳು. ಅವರ ಕೀರ್ತನೆಗಳೇ ನಿನಗೂ ಬಾಯಿಪಾಠ ಇವೆ, ಯಾವುದು ನಿನಗೆ ಇಷ್ಟ ಅಂತ ಹೇಳು. ಯಾಕೆ ಇಷ್ಟ ಅಂತ ಅವರು ಕೇಳುವ ದಿನ ಬರುತ್ತೆ. ಆವತ್ತು ಯೇಸುವಿನ ಹೆಸರನ್ನು ನುಂಗಿಕೊಳ್ಳಬೇಡ. ಅವರು ಬೇಡ ಅಂದರೂ ಮಾರನೇ ದಿನದ ಕಾಲ್‌ನಲ್ಲಿ ಅದೇ ಮುಖದಲ್ಲಿ ಇರು. ಲೂಥರ್ ಜಾರಿದ್ದು ಅಲ್ಲೇ.

ಮುಂದಿನ ಭಾನುವಾರ ರೋಮಾ 12. ಅಷ್ಟರಲ್ಲಿ 9, 10, 11 ಮೂರನ್ನೂ ಒಂದೇ ಸಲ ಕೂತು, ಜೋರಾಗಿ ಓದಿಕೊಂಡು ಬನ್ನಿ. ಈಗ ಆ ತಂಗಿಯ ಸ್ನೇಹಿತೆಗಾಗಿ ಪ್ರಾರ್ಥಿಸೋಣ, ಎಲ್ಲರೂ ಎದ್ದು ನಿಲ್ಲೋಣ.