ದೊಡ್ಡಪ್ಪನ ಟ್ರಂಕು ಮತ್ತು ಕಾಮಿಕ್ಸ್ ವಿಮೆ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ದೊಡ್ಡಬಳ್ಳಾಪುರದಲ್ಲಿರೋ ನಮ್ಮ ಕ್ಲಾಸ್‌ಮೇಟ್ ಮನೆಗೆ ಹೋಗಿದ್ವಿ. ಅವನ ದೊಡ್ಡಪ್ಪನದು ಪವರ್ ಲೂಮ್ ಶೆಡ್. ಸೀರೆ ನೇಯ್ತಾರೆ. ಆ ಶೆಡ್ಡಿನ ಮೂಲೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಅದರೊಳಗೆ ಹಳೆಯ ಕನ್ನಡ ಅಮರ ಚಿತ್ರ ಕಥೆ, ಇಂದ್ರಜಾಲ ಕಾಮಿಕ್ಸ್, ಚಂದಮಾಮ. ಹುಡುಗನಾಗಿದ್ದಾಗಿಂದ ಒಂದೊಂದೇ ಕೂಡಿಟ್ಟದ್ದು, ಒಟ್ಟು ನೂರ ನಲವತ್ತಕ್ಕೂ ಹೆಚ್ಚು.

ಅವುಗಳಲ್ಲಿ ಮೂವತ್ತೊಂದು ಈಗ ಪುಸ್ತಕಗಳಲ್ಲ, ಇಟ್ಟಿಗೆಗಳು. ಒಂದು ರಾತ್ರಿ ಜೋರು ಮಳೆಗೆ ರಸ್ತೆ ನೀರು ಶೆಡ್ಡಿಗೆ ನುಗ್ಗಿ, ನೆಲದ ಮೇಲಿದ್ದ ಟ್ರಂಕಿನ ತಳ ನೆನೆದು, ಕೆಳಗಿನ ಸಾಲು ಪೂರ್ತಿ ಅಂಟಿಕೊಂಡಿತ್ತು. ಶೆಡ್ಡಿಗೆ ವಿಮೆ ಇತ್ತು. ನೆನೆದ ನೂಲಿಗೆ ದುಡ್ಡೂ ಬಂತು. ಪುಸ್ತಕಕ್ಕೆ ಬರಲಿಲ್ಲ. "ಪಾಲಿಸೀಲಿ ಮಗ್ಗ, ನೂಲು, ಸೀರೆ ಅಂತ ಬರೆಸಿದ್ದೆ ಕಣ್ರಪ್ಪಾ. ಪುಸ್ತಕ ಅಂತ ಬರೆಸ್ಬೇಕು ಅಂತ ಯಾರಿಗೆ ಹೊಳೀತದೆ?" ಅಂದ್ರು ದೊಡ್ಡಪ್ಪ.

ಉಳಿದ ನೂರು ಚಿಲ್ಲರೆಯನ್ನಾದ್ರೂ ಉಳಿಸೋದು ಹೇಗೆ ಅಂತ ನಾವು ಓದಿ, ಕೇಳಿ, ಮಾಡಿ ನೋಡಿದ್ದು ಈ ಪಾಠ.

ಇದಕ್ಕೆಲ್ಲ ಬೆಲೆ ಇದೆಯಾ?

ಇದೆ. ಅಮರ ಚಿತ್ರ ಕಥೆ ಅಂದ್ರೆ ಇಂಗ್ಲಿಷ್ ಸರಣಿ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ. ಆದ್ರೆ ಸರಣಿಯ ಮೊದಲ ಹತ್ತು ಪುಸ್ತಕಗಳು ಬಂದದ್ದು 1960ರ ದಶಕದಲ್ಲಿ, ಕನ್ನಡದಲ್ಲಿ! ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಬಂದ, ಪಾಶ್ಚಾತ್ಯ ಕಥೆಗಳ ಅನುವಾದಗಳವು. ಅದಕ್ಕೇ ಇಂಗ್ಲಿಷಿನ 'ಕೃಷ್ಣ' ಪುಸ್ತಕದ ಸಂಖ್ಯೆ 11. ಸರಣಿಯ ಸಂಪಾದಕ ಅನಂತ ಪೈ ನಮ್ಮ ಕಾರ್ಕಳದವರು. ಫ್ಯಾಂಟಮ್ ಕಥೆಗಳ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋಯ್ತು. ಅದು ಕನ್ನಡದಲ್ಲೂ ಬರ್ತಿತ್ತು.

ಹೊರಗಿನ ಲೆಕ್ಕ ಬೇರೆಯೇ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯ್ತು. ನಮ್ಮ ಟ್ರಂಕಿಗೆ ಅಂಥ ಬೆಲೆ ಸಿಗಲ್ಲ. ಆದ್ರೆ ಮಕ್ಕಳು ಓದಿ, ಹರಿದು, ರದ್ದಿಗೆ ಹಾಕಿದ ಪುಸ್ತಕಗಳಿವು. ಉಳಿದದ್ದು ಕಡಿಮೆ. ಕಳೆದುಹೋದ್ರೆ ಅಂಗಡಿಯಲ್ಲಿ ಇನ್ನೊಂದು ಕೊಳ್ಳೋಕೆ ಆಗಲ್ಲ.

ಕಾಗದ ಯಾಕೆ ಸಾಯುತ್ತೆ?

ಫಸ್ಟ್ ಇಯರ್ ಕೆಮಿಸ್ಟ್ರಿ ನೆನಪಿಸ್ಕೊಳ್ಳಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತೆ. ಬೆಳಕು, ಆಮ್ಲಜನಕ ಸೇರಿದ್ರೆ ಅದು ಹಳದಿಯಾಗುತ್ತೆ. ಕಾಗದದಲ್ಲಿರೋ ಆಮ್ಲ ಸೆಲ್ಯುಲೋಸ್ ಸರಪಳಿಯನ್ನ ತುಂಡು ತುಂಡು ಮಾಡುತ್ತೆ, ಆಮೇಲೆ ಹಾಳೆ ಮುಟ್ಟಿದ್ರೆ ಹಪ್ಪಳ. ತಾಪಮಾನ ಏರಿದಷ್ಟೂ ಈ ಕ್ರಿಯೆ ವೇಗವಾಗುತ್ತೆ. ತಗಡಿನ ಶೀಟ್ ಹೊದಿಸಿದ ಶೆಡ್ ಏಪ್ರಿಲ್‌ನಲ್ಲಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ತೇವ ಹೆಚ್ಚಾದ್ರೆ ಬೂಷ್ಟು ಬರುತ್ತೆ, ಪಿನ್ನು ತುಕ್ಕು ಹಿಡಿಯುತ್ತೆ. ಇದರ ಜೊತೆಗೆ ಗೆದ್ದಲು, ಸಿಲ್ವರ್ ಫಿಶ್, ಇಲಿ.

ನಾವು ಮಾಡಿದ್ದು

1. ಮೊದಲು ಜಾಗ ಬದಲಿಸಿದ್ವಿ. ಶೆಡ್ಡಿನಿಂದ ಮನೆಯೊಳಗೆ, ನೆಲದಿಂದ ಎರಡಡಿ ಮೇಲೆ, ಹೊರಗೋಡೆಗೆ ತಾಗದ ಶೆಲ್ಫಿಗೆ. ಮೇಲೆ ನೀರಿನ ಪೈಪ್ ಇಲ್ಲ ಅಂತಲೂ ನೋಡ್ಕೊಂಡ್ವಿ. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಮೊದಲೇ ಇಷ್ಟು ಮಾಡಿದ್ದಿದ್ರೆ ಆ ಮೂವತ್ತೊಂದೂ ಉಳೀತಿದ್ವು.

2. ಒಂದೊಂದು ಪುಸ್ತಕಕ್ಕೂ ಪಾಲಿಪ್ರೊಪಿಲೀನ್ ಕವರ್, ಹಿಂದೆ ಆಮ್ಲರಹಿತ ರಟ್ಟು. ಪಿವಿಸಿ ಕವರ್ ಬೇಡ, ಅದು ಕ್ರಮೇಣ ಆಮ್ಲ ಬಿಡುತ್ತೆ. ಲ್ಯಾಮಿನೇಶನ್, ಸೆಲ್ಲೋಟೇಪ್ ಎರಡೂ ಬೇಡವೇ ಬೇಡ. ಟೇಪಿನ ಅಂಟು ಕಂದು ಕಲೆಯಾಗಿ ಕಾಗದದಲ್ಲಿ ಇಳಿಯುತ್ತೆ.

3. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒತ್ತಿ ತುಂಬಬೇಡಿ. ಸಿಲಿಕಾ ಜೆಲ್ ಹಾಕಿ, ಆಗಾಗ ಬದಲಿಸಿ. ನುಸಿ ಗುಳಿಗೆಯನ್ನ ಪುಸ್ತಕಕ್ಕೆ ತಾಗಿಸಬೇಡಿ. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ.

4. ಹುಳದ ಅನುಮಾನ ಇದ್ರೆ ಪುಸ್ತಕವನ್ನ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ತಕ್ಷಣ ಬಿಚ್ಚಬೇಡಿ. ಕೋಣೆಯ ಶಾಖಕ್ಕೆ ಬರಲಿ, ಇಲ್ಲಾಂದ್ರೆ ಹಾಳೆಯ ಮೇಲೆ ನೀರು ಕೂರುತ್ತೆ.

5. ನೆನೆದ್ರೆ ಬಿಸಿಲಿಗೆ ಹಾಕಬೇಡಿ. ಹಾಳೆಗಳ ನಡುವೆ ಬಿಳಿ ಟಿಶ್ಯೂ ಇಟ್ಟು ಫ್ಯಾನ್ ಗಾಳಿಯಲ್ಲಿ ಒಣಗಿಸಿ. ಎರಡು ದಿನ ತಡವಾದ್ರೆ ಬೂಷ್ಟು ಶುರು. ತುಂಬಾ ಇದ್ರೆ ಫ್ರೀಜರಿನಲ್ಲಿಟ್ಟು, ಒಂದೊಂದೇ ಬಿಡಿಸಿ ಒಣಗಿಸಬಹುದು.

ಪಟ್ಟಿ ಇಲ್ಲದೆ ವಿಮೆ ಇಲ್ಲ

ಒಂದು ಎಕ್ಸೆಲ್ ಶೀಟ್ ಮಾಡಿದ್ವಿ: ಹೆಸರು, ಸಂಖ್ಯೆ, ವರ್ಷ, ಮುಖಬೆಲೆ, ಈಗಿನ ಸ್ಥಿತಿ, ಅಂದಾಜು ಬೆಲೆ. ಪ್ರತಿ ಪುಸ್ತಕದ ಮುಖಪುಟ, ಹಿಂಪುಟ, ಪಿನ್ನಿನ ಜಾಗದ ಫೋಟೋ. ಕನ್ನಡ ಕಾಮಿಕ್ಸಿಗೆ ಸಿದ್ಧ ದರಪಟ್ಟಿ ನಮಗೆ ಸಿಗಲಿಲ್ಲ. ಹಾಗಾಗಿ ಅಂಥದ್ದೇ ಪ್ರತಿ ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಗಿದೆ ಅನ್ನೋದನ್ನೇ ಆಧಾರ ಮಾಡ್ಕೊಂಡು, ಸ್ಕ್ರೀನ್‌ಶಾಟ್ ಇಟ್ಕೊಂಡ್ವಿ. ಕೇಳೋ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಈ ಪಟ್ಟಿ ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ರೆ ಬೆಂಕಿ ಬಿದ್ದಾಗ ಅದೂ ಹೋಗುತ್ತೆ. ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ.

ಪಾಲಿಸಿ ಓದೋದು ಹೇಗೆ?

ಭಾರತದಲ್ಲಿ ಮನೆಗಳಿಗೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಪ್ರಮಾಣಿತ ಪಾಲಿಸಿ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ನೀರಿನ ಟ್ಯಾಂಕ್ ಒಡೆಯೋದು, ಇವೆಲ್ಲ ಅದರಲ್ಲಿ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದ್ರೆ ಅದರ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನುಗಳಿಗೂ ರಕ್ಷಣೆ ಸಿಗುತ್ತೆ. ಕಟ್ಟಡಕ್ಕೆ 30 ಲಕ್ಷ ಅಂದ್ರೆ ಸಾಮಾನಿಗೆ 6 ಲಕ್ಷ.

ಆದ್ರೆ ಒಡವೆ, ಕಲಾಕೃತಿ, ಪುರಾತನ ವಸ್ತು ಇಂಥ ಬೆಲೆಬಾಳುವ ವಸ್ತುಗಳು ಇದರಲ್ಲಿ ಬರಲ್ಲ. ಅವಕ್ಕೆ ಬೇರೆ ಐಚ್ಛಿಕ ಕವರ್ ಇದೆ, ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ. ಹಾಗಾದ್ರೆ ಹಳೆ ಕಾಮಿಕ್ಸ್ ಯಾವುದು? ಸಾಮಾನ್ಯ ಪುಸ್ತಕವಾ, ಅಪರೂಪದ ವಸ್ತುವಾ? ನೀವೇ ತೀರ್ಮಾನಿಸಬೇಡಿ. ಪಟ್ಟಿ ಕಳಿಸಿ, ಕಂಪನಿಯನ್ನ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನ ಪಾಲಿಸಿ ಜೊತೆ ಇಟ್ಕೊಳ್ಳಿ. ಹಸ್ತಪ್ರತಿ, ದಾಖಲೆ, ರೇಖಾಚಿತ್ರಗಳು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ಸೇರುತ್ತವೆ. ಕಲಾವಿದರ ಕೈಯ ಮೂಲ ಚಿತ್ರ ಇರೋರು ಇದನ್ನ ಗಮನಿಸಿ.

ಇನ್ನು ಮೂರು ಮಾತು:

ಕಳ್ಳತನ: ಗೃಹ ರಕ್ಷಾದಲ್ಲಿ ಬೆಂಕಿ, ಪ್ರವಾಹದಂಥ ಘಟನೆಯಿಂದಾಗಿ, ಅದಾದ 7 ದಿನದೊಳಗೆ ಆದ ಕಳವಿಗೆ ಮಾತ್ರ ಪರಿಹಾರ. ಮಾಮೂಲಿ ಮನೆಗಳ್ಳತನಕ್ಕೆ ಬೇರೆ ಕವರ್ ಬೇಕು.

ವಿಳಾಸ: ಪಾಲಿಸಿ ಇರೋದು ಆ ಮನೆಗೆ. ಪುಸ್ತಕ ಹಾಸ್ಟೆಲಿಗೆ ತಂದ್ರೆ ವಿಮೆಯೂ ಹಿಂದೆ ಬರುತ್ತೆ ಅಂದ್ಕೋಬೇಡಿ.

ಕಡಿಮೆ ವಿಮೆ: ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ, ಆದ್ರೆ ಬೇರೆ ಪಾಲಿಸಿಗಳಲ್ಲಿ ಇರಬಹುದು. 60,000 ರೂಪಾಯಿಯ ಸಂಗ್ರಹಕ್ಕೆ 30,000ಕ್ಕೆ ವಿಮೆ ಮಾಡಿಸಿದ್ದೀರಿ, 20,000 ನಷ್ಟವಾಯ್ತು ಅಂದ್ಕೊಳ್ಳಿ. ಸಿಗೋದು 20,000 × 30,000 ÷ 60,000 = 10,000 ಮಾತ್ರ. ಅರ್ಧ ವಿಮೆಗೆ ಅರ್ಧ ಪರಿಹಾರ.

ಮುಖ್ಯವಾದದ್ದು ಇನ್ನೊಂದಿದೆ. ಹಳದಿಯಾಗೋದು, ಸಿಲ್ವರ್ ಫಿಶ್ ತಿನ್ನೋದು ಪಾಲಿಸಿಯ ಅಪಾಯಗಳ ಪಟ್ಟಿಯಲ್ಲೇ ಇಲ್ಲ. ಒಂದೇ ರಾತ್ರಿಯಲ್ಲಿ ಬರೋ ಆಪತ್ತಿಗೆ ವಿಮೆ, ದಿನದಿನವೂ ಬರೋ ಆಪತ್ತಿಗೆ ನಮ್ಮ ಕೈ. ಒಂದಿದ್ರೆ ಇನ್ನೊಂದು ಬೇಡ ಅನ್ನೋಕಾಗಲ್ಲ.

ಕೊನೆಗೆ

ಪಟ್ಟಿ ಮಾಡೋಕೆ ನಮಗೆ ಮೂರು ದಿನ ಹಿಡೀತು. ನಿಜ ಹೇಳ್ಬೇಕಂದ್ರೆ ಅರ್ಧ ದಿನದ ಕೆಲಸ. ನಾವು ನಾಲ್ಕೂ ಜನ ಇಂಗ್ಲಿಷ್ ಮೀಡಿಯಂನವರು, ಕನ್ನಡ ಓದೋದು ನಿಧಾನ. ಆದ್ರೆ ಚಿತ್ರ ಇದ್ದದ್ರಿಂದ ಒಂದೊಂದೂ ಪೂರ್ತಿ ಓದಿಸ್ಕೊಂಡು ಹೋಯ್ತು. ಮೂರನೇ ದಿನ ಬೆರಳಿಟ್ಟು ಓದೋದು ಬಿಟ್ಟಿದ್ವಿ. ಆ ಮೂವತ್ತೊಂದರಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗಲೇ ಇಲ್ಲ. ದೊಡ್ಡಪ್ಪನಿಗೂ ಎಲ್ಲ ಹೆಸರು ನೆನಪಿಲ್ಲ. ಪಟ್ಟಿ ಇದ್ದಿದ್ರೆ ಕೊನೇಪಕ್ಷ ಅವೆನ್ನ್ಯೂ ರಸ್ತೆಯಲ್ಲಿ ಹುಡುಕೋಕಾದ್ರೂ ಹೆಸರು ಇರ್ತಿತ್ತು.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಒಂದು ಟ್ರಂಕು ಇರಬಹುದು. ಈ ಸಲ ಊರಿಗೆ ಹೋದಾಗ ಇಳಿಸಿ ನೋಡಿ. ಮುಂಗಾರಿಗೆ ಮುಂಚೆ.