ಉಸಿರಿನ ಕಾವಲು

ಮಾತು ಬಾರದ ಕೂಸಿಗೆ ಉಸಿರೇ ಮಾತು. ಎರಡು ತಿಂಗಳು ತುಂಬದ ಶಿಶು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದನ್ನು ಅಪಾಯದ ಕರೆಯೆಂದೇ ತಿಳಿಯಬೇಕು. ಧಾರವಾಡ ಜಿಲ್ಲೆಯ ಶಲವಡಿಯಂತಹ ಎರೆಸೀಮೆಯ ಊರುಗಳ ತಾಯಂದಿರು ಇಂತಹ ಕೂಸುಗಳನ್ನೆತ್ತಿಕೊಂಡು ಹುಬ್ಬಳ್ಳಿಗೆ ಧಾವಿಸುವುದುಂಟು. ಅಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಮಕ್ಕಳಿಗೆಂದೇ ಮೀಸಲಾದ ತೀವ್ರ ನಿಗಾ ಘಟಕವು ತೆರೆದಿತ್ತು.

ಇಂತಹ ಘಟಕದಲ್ಲಿ ಯಂತ್ರಗಳು ಅಂಕೆಗಳನ್ನು ತೋರಿಸುತ್ತವೆ. ಅವುಗಳ ಅರ್ಥವನ್ನು ಮೊದಲು ಗ್ರಹಿಸುವವರು ದಾದಿಯರು. ತುಟಿಯ ಬಣ್ಣ, ಮೂಗಿನ ಹೊಳ್ಳೆಗಳ ಹಿಗ್ಗು, ಪಕ್ಕೆಯ ಸೆಳೆತ ಯಾವುದೂ ಅವರ ಕಣ್ಣು ತಪ್ಪಬಾರದು. ಮಕ್ಕಳಿಗೆ ಔಷಧವನ್ನು ದೇಹದ ತೂಕಕ್ಕೆ ತಕ್ಕಂತೆ ಅಳೆಯಬೇಕು. ದಶಮಾಂಶದ ಒಂದು ಚುಕ್ಕೆ ತಪ್ಪಿದರೆ 3 ಮಿಲಿಗ್ರಾಂ 30 ಆಗಿ ಪ್ರಾಣಕ್ಕೆ ಎರವಾದೀತು. ಆದುದರಿಂದ ಒಬ್ಬರು ಅಳೆದುದನ್ನು ಮತ್ತೊಬ್ಬರು ಪರೀಕ್ಷಿಸುವುದು ಅಲ್ಲಿಯ ಕಟ್ಟಳೆ.

ಈ ಕಟ್ಟಳೆ ಹಗಲಿರುಳೂ ಸಡಿಲಗೊಳ್ಳದಂತೆ ನೋಡಿಕೊಳ್ಳುವ ಹೊಣೆ ಮುಖ್ಯ ದಾದಿಯದು. ಸರದಿ ಬದಲಾಗುವಾಗ ಪ್ರತಿಯೊಂದು ಕೂಸಿನ ವೃತ್ತಾಂತವೂ ಒಬ್ಬರಿಂದೊಬ್ಬರಿಗೆ ತಪ್ಪದೆ ತಲಪಬೇಕು. ನಿನ್ನೆ ಸೇರಿದ ಕಿರಿಯಳೂ ಹಿರಿಯ ವೈದ್ಯರಿಗೆ ‘ತುಸು ತಡೆಯಿರಿ, ಅಳತೆ ಹೆಚ್ಚಾಗಿದೆ’ ಎಂದು ನಿರ್ಭಯವಾಗಿ ಹೇಳುವಂತಿರಬೇಕು. ಆ ಧೈರ್ಯವನ್ನು ಕಿರಿಯರಲ್ಲಿ ತುಂಬುವುದೇ ಮುಂದಾಳುತನದ ಹಿರಿಮೆ. ಹಲವು ಕಣ್ಣುಗಳ ಎಚ್ಚರದಲ್ಲಿಯೇ ಕೂಸಿನ ಉಸಿರು ಸುರಕ್ಷಿತವಾಗಿರುತ್ತದೆ.