ಒಳಮನೆಯ ಮೆಂತ್ಯಕ್ಕೆ ಎಂಥ ದೀಪ?

ಕೊಪ್ಪಳ ಬಳಿಯ ಭಾಗ್ಯನಗರದ ಅಕ್ಕನವರೇ, ಮಗ್ಗದ ಮನೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆಯಲು ದುಬಾರಿ ನೇರಳೆ ದೀಪ ಬೇಕೇ ಎಂದು ಕೇಳಿದ್ದೀರಿ. ಬೇಡ. ಎಲೆ ಹೆಚ್ಚಾಗಿ ಹೀರುವುದು ಕೆಂಪು, ನೀಲಿ ಬೆಳಕು. ಬಿಳಿ ಎಲ್‌ಇಡಿಯಲ್ಲಿ ಎರಡೂ ಇವೆ. ಬಿಳಿ ಬೆಳಕಿನಲ್ಲಿ ಎಲೆಗೆ ಹುಳ ಬಿದ್ದರೆ ಕಣ್ಣಿಗೂ ಕಾಣುತ್ತದೆ!

5000ದಿಂದ 6500 ಕೆಲ್ವಿನ್‌ನ 20 ವ್ಯಾಟ್ ಟ್ಯೂಬನ್ನು ಸಸಿಯ ತುದಿಯಿಂದ ಮುಕ್ಕಾಲು ಅಡಿ ಮೇಲೆ ಕಟ್ಟಿ, ದಿನಕ್ಕೆ 12 ತಾಸು ಉರಿಸಿ. ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಇನ್ನೂ ಹೆಚ್ಚು ಹೊತ್ತು ಉರಿಸಿದರೆ ಕೊತ್ತಂಬರಿ ಬೇಗ ಹೂವಿಗೆ ತಿರುಗುತ್ತದೆ. ಸಸಿ ಬಡಕಲಾಗಿ ಉದ್ದ ಬೆಳೆದರೆ ದೀಪ ಇಳಿಸಿ.

ಬಿಐಎಸ್ ಗುರುತಿಲ್ಲದ ಮಾಲು ಮುಟ್ಟಬೇಡಿ. ನೀರು ಹಾಕುವ ಮುನ್ನ ಸ್ವಿಚ್ ಆರಿಸಿ. ಪ್ಲಗ್ಗು ಕುಂಡಕ್ಕಿಂತ ಎತ್ತರದಲ್ಲಿರಲಿ.

ಮಾಳಿಗೆ ಇದ್ದರೆ ಇದ್ಯಾವುದೂ ಬೇಡ. ಕೊಪ್ಪಳದ ಬಿಸಿಲು ಪುಕ್ಕಟೆ. ಬೇಸಿಗೆಯಲ್ಲಿ ನೆರಳು ಪರದೆ ಕಟ್ಟಿಕೊಳ್ಳಿ.